ಇಬಿ-5 ಅರ್ಜಿ ಬಾಕಿ ಇರುವಾಗ ವೀಸಾ ಸಾಲು ನಿಂತರೆ: ಹೂಡಿಕೆದಾರ ಕುಟುಂಬಗಳಿಗೆ ಹಂತ ಹಂತದ ಮಾರ್ಗದರ್ಶಿ

ಊರಿನ ತೋಟದ ಒಂದು ಭಾಗ ಮಾರಿ, ಬೆಂಗಳೂರಿನ ನಿವೇಶನ ಮಾರಿ, ಅಪ್ಪ ದಾನವಾಗಿ ಕೊಟ್ಟ ಹಣವನ್ನೂ ಸೇರಿಸಿ ಹೂಡಿಕೆದಾರರಿಗೆ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಕೊಡುವ ಅಮೆರಿಕದ ಇಬಿ-5 ಯೋಜನೆಗೆ ಕಳುಹಿಸಿದವರು ನನ್ನ ಮೇಜಿನ ಎದುರು ಕುಳಿತು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇನ್ನೆಷ್ಟು ವರ್ಷ?" ನಾನು ವಲಸೆ ವಕೀಲನಲ್ಲ. ಮಂಗಳೂರಿನಲ್ಲಿ ಲೆಕ್ಕಪರಿಶೋಧಕನಾಗಿ ಇಂಥ ಕುಟುಂಬಗಳ ಹಣದ ಮೂಲದ ಕಾಗದಪತ್ರಗಳನ್ನು ಜೋಡಿಸಿಕೊಡುವವನು. ಹಣ ಹೋದ ಮೇಲೂ ವರ್ಷಗಟ್ಟಲೆ ಅವರ ಫೋನ್ ಬರುತ್ತಲೇ ಇರುತ್ತದೆ. ಆ ಮಾತುಕತೆಗಳಿಂದ ನನಗೆ ಮನವರಿಕೆಯಾದದ್ದು ಇಷ್ಟು: ಎಷ್ಟು ವರ್ಷ ಎಂದು ಕೇಳುವ ಮುನ್ನ, ತಾವು ಯಾವ ಸಾಲಿನಲ್ಲಿ ನಿಂತಿದ್ದೇವೆ ಎಂದು ತಿಳಿದುಕೊಳ್ಳಬೇಕು. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ.

ಸಾಲುಗಳು ಎರಡಿವೆ. ಒಂದು, ಕಡತದ ಸಾಲು. ನೀವು ಸಲ್ಲಿಸಿದ ಹೂಡಿಕೆ ಅರ್ಜಿಯನ್ನು ಅಮೆರಿಕದ ವಲಸೆ ಸಂಸ್ಥೆಯಾದ ಯುಎಸ್‌ಸಿಐಎಸ್ ಅಧಿಕಾರಿ ಕೈಗೆತ್ತಿಕೊಂಡು ಪರಿಶೀಲಿಸುವವರೆಗಿನ ಕಾಯುವಿಕೆ ಇದು. ಇನ್ನೊಂದು, ವೀಸಾ ಸಂಖ್ಯೆಯ ಸಾಲು. ಅರ್ಜಿ ಮಂಜೂರಾಗಿದ್ದರೂ ನಿಮ್ಮ ದೇಶದ ಪಾಲಿನ ವೀಸಾ ಆ ವರ್ಷ ಮುಗಿದುಹೋಗಿದ್ದರೆ ನೀವು ಈ ಸಾಲಿನಲ್ಲಿರುತ್ತೀರಿ. ಕಡತ ವಿಳಂಬವಾದರೆ ನ್ಯಾಯಾಲಯದಲ್ಲಿ ದಾವೆ ಹೂಡಿ ತೀರ್ಮಾನ ಕೊಡಿ ಎಂದು ಕೇಳಬಹುದು. ವೀಸಾ ಸಂಖ್ಯೆ ಕಾನೂನಿನಲ್ಲೇ ನಿಗದಿಯಾಗಿರುವುದರಿಂದ ಅದನ್ನು ಹೆಚ್ಚಿಸಿ ಕೊಡಿ ಎಂದು ಯಾವ ನ್ಯಾಯಾಧೀಶರನ್ನೂ ಕೇಳುವಂತಿಲ್ಲ. ಈ ಎರಡನ್ನು ಬೆರೆಸಿಕೊಂಡು ತಪ್ಪು ಕಡೆ ಹಣ ಸುರಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಂತ 1: ರಸೀದಿ ತೆಗೆದು ಮೂರು ಸಂಗತಿ ನೋಡಿ

ಅರ್ಜಿ ಸ್ವೀಕರಿಸಿದಾಗ ಯುಎಸ್‌ಸಿಐಎಸ್ ಕಳುಹಿಸಿದ ಐ-797 ಎಂಬ ಸೂಚನಾಪತ್ರ ನಿಮ್ಮ ಬಳಿ ಅಥವಾ ವಕೀಲರ ಬಳಿ ಇರುತ್ತದೆ. ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ನೋಡಬೇಕಾದದ್ದು ಅರ್ಜಿಯ ಹೆಸರು, ಸಲ್ಲಿಕೆಯ ದಿನಾಂಕ ಮತ್ತು ಆದ್ಯತಾ ದಿನಾಂಕ, ಅಂದರೆ ವೀಸಾ ಸಾಲಿನಲ್ಲಿ ನಿಮ್ಮ ಸ್ಥಾನ ತೋರಿಸುವ ದಿನಾಂಕ. ಇಬಿ-5ರಲ್ಲಿ ಹೂಡಿಕೆ ಅರ್ಜಿ ಸರಿಯಾಗಿ ಸಲ್ಲಿಕೆಯಾದ ದಿನವೇ ಆದ್ಯತಾ ದಿನಾಂಕ. ಹಣ ಕಳುಹಿಸಿದ ದಿನವಲ್ಲ, ಒಪ್ಪಂದಕ್ಕೆ ಸಹಿ ಹಾಕಿದ ದಿನವೂ ಅಲ್ಲ.

ಅರ್ಜಿಯ ಹೆಸರು ಐ-526 ಎಂದಿದೆಯೋ ಐ-526ಇ ಎಂದಿದೆಯೋ ನೋಡಿ. ರೀಜನಲ್ ಸೆಂಟರ್ (ಹಲವು ಹೂಡಿಕೆದಾರರ ಹಣ ಒಟ್ಟುಗೂಡಿಸುವ, ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆ) ಮೂಲಕ ಹಣ ಹಾಕಿದವರಿಗೆ ಐ-526ಇ ಎಂಬ ನಮೂನೆ ಬಂದದ್ದು 2022ರ ಸುಧಾರಣಾ ಕಾಯ್ದೆಯ ನಂತರ. ಆ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್ 15ರಂದು. ಇಬಿ-5ರ ಮಟ್ಟಿಗೆ ಈ ದಿನಾಂಕ ಹೊಲದ ನಡುವಿನ ಬದುವಿನಂತೆ. ಅದರ ಆಚೆಗಿನವರಿಗೆ ಒಂದು ನಿಯಮ, ಈಚೆಗಿನವರಿಗೆ ಬೇರೊಂದು. ನಿಮ್ಮ ಅರ್ಜಿ ಯಾವ ಬದಿಯಲ್ಲಿದೆ ಎಂಬುದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ಹಂತದಲ್ಲೂ ಅದು ಬೇಕಾಗುತ್ತದೆ.

ಹಂತ 2: ನಿಮ್ಮ ಪಾಲು ಎಷ್ಟೆಂದು ಲೆಕ್ಕ ಹಾಕಿ

ಇಬಿ-5ಕ್ಕೆ ವರ್ಷಕ್ಕೆ ಸುಮಾರು 10,000 ವೀಸಾ. ಉದ್ಯೋಗಾಧಾರಿತ ವೀಸಾಗಳ ಒಟ್ಟು ಮೊತ್ತದಲ್ಲಿ ಇದು ಶೇ 7.1ರಷ್ಟು. ಹತ್ತು ಸಾವಿರ ಎಂದರೆ ಹತ್ತು ಸಾವಿರ ಹೂಡಿಕೆದಾರರು ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಹೂಡಿಕೆದಾರ, ಅವರ ಪತಿ ಅಥವಾ ಪತ್ನಿ, ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು ವೀಸಾ ಖರ್ಚಾಗುತ್ತದೆ. ನಾಲ್ವರ ಕುಟುಂಬವೆಂದು ಹಿಡಿದರೆ ಇಡೀ ಜಗತ್ತಿಗೆ 2,500 ಕುಟುಂಬಗಳು ಮಾತ್ರ.

ಇದರ ಮೇಲೆ ದೇಶವಾರು ಮಿತಿ ಬರುತ್ತದೆ. ಯಾವುದೇ ಒಂದು ದೇಶಕ್ಕೆ ಶೇ 7, ಅಂದರೆ ಸರಿಸುಮಾರು 700 ವೀಸಾ. ನಾಲ್ವರ ಲೆಕ್ಕದಲ್ಲಿ 175 ಕುಟುಂಬ. ಇತರ ದೇಶಗಳು ಬಳಸದೆ ಬಿಟ್ಟ ವೀಸಾಗಳು ಈ ಮಿತಿಯ ಆಚೆಗೂ ಸಿಗುತ್ತವೆ. ಆದರೆ ಅವು ಅತಿ ಹಳೆಯ ಆದ್ಯತಾ ದಿನಾಂಕದವರಿಗೆ ಮೊದಲು ಹೋಗುತ್ತವೆ. ಚೀನಾದಲ್ಲಿ ಹುಟ್ಟಿದ ಹೂಡಿಕೆದಾರರು ಭಾರತೀಯರಿಗಿಂತ ಎಷ್ಟೋ ವರ್ಷ ಮೊದಲೇ ಸಾಲಿಗೆ ಬಂದವರು. ಹಾಗಾಗಿ ಮಿಕ್ಕ ವೀಸಾಗಳ ದೊಡ್ಡ ಪಾಲು ಅವರಿಗೇ ಸಲ್ಲುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ, ಸಾಲಿನ ನಿಯಮವೇ ಅದು.

2022ರ ಕಾಯ್ದೆ ಈ 10,000ವನ್ನು ಒಡೆಯಿತು. ಗ್ರಾಮೀಣ ಯೋಜನೆಗಳಿಗೆ ಶೇ 20, ನಿರುದ್ಯೋಗ ಹೆಚ್ಚಿರುವ ಪ್ರದೇಶದ ಯೋಜನೆಗಳಿಗೆ ಶೇ 10, ಮೂಲಸೌಕರ್ಯ ಯೋಜನೆಗಳಿಗೆ ಶೇ 2 ಮೀಸಲು. ಉಳಿದ ಶೇ 68 ಮೀಸಲಲ್ಲದ ವರ್ಗ. ಮೀಸಲು ವರ್ಗದಲ್ಲಿ ಒಂದು ವರ್ಷ ಉಳಿದದ್ದು ಮರುವರ್ಷ ಅದೇ ವರ್ಗಕ್ಕೆ ಸೇರುತ್ತದೆ, ಆಗಲೂ ಉಳಿದರೆ ಮೀಸಲಲ್ಲದವರಿಗೆ ಹೋಗುತ್ತದೆ. ಮೀಸಲು ವರ್ಗಗಳಲ್ಲಿ ಕನಿಷ್ಠ ಹೂಡಿಕೆ 8 ಲಕ್ಷ ಡಾಲರ್, ಇತರ ಯೋಜನೆಗಳಲ್ಲಿ 10.5 ಲಕ್ಷ ಡಾಲರ್.

ಕಾಯ್ದೆಗೆ ಮೊದಲು 5 ಲಕ್ಷ ಅಥವಾ 9 ಲಕ್ಷ ಡಾಲರ್ ಹೂಡಿದವರು ಗ್ರಾಮೀಣ ಯೋಜನೆಗೇ ಹಣ ಹಾಕಿದ್ದರೂ ಮೀಸಲು ಸಾಲಿಗೆ ಬರುವುದಿಲ್ಲ. ಅವರದು ಮೀಸಲಲ್ಲದ ಸಾಲೇ. ಹೊಸ ಯೋಜನೆಯಲ್ಲಿ ಹೊಸದಾಗಿ ಹಣ ಹೂಡಿ ಹೊಸ ಅರ್ಜಿ ಹಾಕಿದರೆ ಮಾತ್ರ ಮೀಸಲು ಸಾಲಿನ ಬಾಗಿಲು ತೆರೆಯುತ್ತದೆ. ಎರಡನೇ ಸಲ ಅಷ್ಟು ದುಡ್ಡು ಹೊಂದಿಸಬೇಕೇ ಎಂಬುದು ಮಗುವಿನ ವಯಸ್ಸಿನ ಮೇಲೆ ನಿಲ್ಲುವ ಪ್ರಶ್ನೆ. ಐದನೇ ಹಂತ ಓದದೆ ತೀರ್ಮಾನಿಸಬೇಡಿ.

ಹಂತ 3: ವೀಸಾ ಬುಲೆಟಿನ್ ಓದುವುದನ್ನು ಕಲಿಯಿರಿ

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಮುಂದಿನ ತಿಂಗಳ ಬುಲೆಟಿನ್ ಪ್ರಕಟಿಸುತ್ತದೆ. ಉದ್ಯೋಗಾಧಾರಿತ ಪಟ್ಟಿಯ ಕೆಳಭಾಗದಲ್ಲಿ ಇಬಿ-5ರ ಸಾಲುಗಳಿರುತ್ತವೆ: ಮೀಸಲಲ್ಲದ, ಗ್ರಾಮೀಣ, ನಿರುದ್ಯೋಗ ಪ್ರದೇಶ, ಮೂಲಸೌಕರ್ಯ. ಭಾರತಕ್ಕೆ ಪ್ರತ್ಯೇಕ ಕಂಬಸಾಲು ಇದೆ. 'ಸಿ' ಎಂದಿದ್ದರೆ ಎಲ್ಲರಿಗೂ ವೀಸಾ ಲಭ್ಯ. 'ಯು' ಎಂದಿದ್ದರೆ ಆ ವರ್ಷದ ವೀಸಾ ಮುಗಿದಿದೆ. ದಿನಾಂಕ ಇದ್ದರೆ, ನಿಮ್ಮ ಆದ್ಯತಾ ದಿನಾಂಕ ಅದಕ್ಕಿಂತ ಹಿಂದಿನದಾಗಿರಬೇಕು. ಅದೇ ದಿನಾಂಕವಾಗಿದ್ದರೆ ಸಾಲದು. ಒಂದು ದಿನದ ಅಂತರದಲ್ಲಿ ನಿಂತುಹೋದವರಿಗೆ ಈ ಮಾತಿನ ತೂಕ ಗೊತ್ತು.

ಪಟ್ಟಿಗಳೂ ಎರಡು. ಅಂತಿಮ ಕ್ರಮದ ದಿನಾಂಕಗಳ ಪಟ್ಟಿ ಗ್ರೀನ್ ಕಾರ್ಡ್ ನಿಜವಾಗಿ ಯಾರಿಗೆ ಕೊಡಬಹುದು ಎನ್ನುವುದನ್ನು ಹೇಳುತ್ತದೆ. ಅರ್ಜಿ ಸಲ್ಲಿಕೆಯ ದಿನಾಂಕಗಳ ಪಟ್ಟಿ ಕೊನೆಯ ಹಂತದ ಅರ್ಜಿಯನ್ನು ಮುಂಚಿತವಾಗಿ ಯಾರು ಹಾಕಬಹುದು ಎನ್ನುವುದನ್ನು. ಅಮೆರಿಕದ ಒಳಗಿನಿಂದ ಅರ್ಜಿ ಹಾಕುವವರಿಗೆ ಆ ತಿಂಗಳು ಯಾವ ಪಟ್ಟಿ ಅನ್ವಯ ಎಂದು ಯುಎಸ್‌ಸಿಐಎಸ್ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಬುಲೆಟಿನ್ ನೋಡಿ ಇದನ್ನು ನೋಡದಿದ್ದರೆ ಅರ್ಧ ಸುದ್ದಿ ತಿಳಿದಂತೆ.

ದಿನಾಂಕ ಸದಾ ಮುಂದಕ್ಕೇ ಹೋಗುತ್ತದೆ ಎಂದು ನಂಬಬೇಡಿ. ಭಾರತದ ಮೀಸಲಲ್ಲದ ವರ್ಗದ ಅಂತಿಮ ಕ್ರಮದ ದಿನಾಂಕ 2024ರ ಸೆಪ್ಟೆಂಬರ್‌ನಲ್ಲಿ 2020ರ ಡಿಸೆಂಬರ್ 1 ಆಗಿತ್ತು. ಅಕ್ಟೋಬರ್‌ನಲ್ಲಿ ಒಂದೇ ನೆಗೆತಕ್ಕೆ 2022ರ ಜನವರಿ 1ಕ್ಕೆ ಬಂತು. 2025ರ ಮಾರ್ಚ್‌ವರೆಗೆ ಅಲ್ಲೇ ಇತ್ತು. ಏಪ್ರಿಲ್‌ನಲ್ಲಿ 2019ರ ನವೆಂಬರ್ 1ಕ್ಕೆ, ಮೇ ತಿಂಗಳಲ್ಲಿ 2019ರ ಮೇ 1ಕ್ಕೆ ಹಿಂದೆ ಸರಿಯಿತು. ಎರಡೂವರೆ ವರ್ಷಕ್ಕೂ ಹೆಚ್ಚು ಹಿನ್ನಡೆ ಎರಡೇ ತಿಂಗಳಲ್ಲಿ. ಅಮೆರಿಕ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ, ಹೊಸ ವೀಸಾಗಳು ಅಂದೇ ಬರುತ್ತವೆ. ವರ್ಷದ ಉತ್ತರಾರ್ಧದಲ್ಲಿ ಬೇಡಿಕೆ ಮಿತಿಯ ಹತ್ತಿರ ಬಂದಾಗ ದಿನಾಂಕ ಹಿಂದೆ ಸರಿಯುತ್ತದೆ. ಆದ್ದರಿಂದ ಬಾಗಿಲು ತೆರೆದ ತಿಂಗಳೇ ಒಳಗೆ ಕಾಲಿಡಬೇಕು. ಮುಂದಿನ ತಿಂಗಳು ನೋಡೋಣ ಎಂದವರು 2025ರ ಏಪ್ರಿಲ್‌ನಲ್ಲಿ ಹೊರಗುಳಿದರು.

ಮೀಸಲು ವರ್ಗಗಳಲ್ಲಿ 2025ರ ಕೊನೆಯವರೆಗೂ ಭಾರತಕ್ಕೆ 'ಸಿ' ಇತ್ತು. ಅದು ಹಾಗೆಯೇ ಉಳಿಯುತ್ತದೆಂಬ ಭರವಸೆಯ ಮೇಲೆ ಯಾರಾದರೂ ಯೋಜನೆ ಮಾರಲು ಬಂದರೆ, ಅದನ್ನು ಬರೆದುಕೊಡಿ ಎಂದು ಕೇಳಿ ನೋಡಿ. ಗ್ರಾಮೀಣ ವರ್ಗದ ಶೇ 20 ಎಂದರೆ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 2,000 ವೀಸಾ. ಈ ವರ್ಗದ ಅರ್ಜಿಗಳು ಮಂಜೂರಾಗುತ್ತಾ ಬಂದಂತೆ ಅಲ್ಲಿಯೂ ಸಾಲು ಬೆಳೆಯಬಲ್ಲದು.

ಹಂತ 4: ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಓದಿ

ಕರಾವಳಿಯ ಒಂದು ಕುಟುಂಬ. ಗಂಡ ಹುಟ್ಟಿದ್ದು ಉಡುಪಿಯಲ್ಲಿ, ಅರ್ಜಿ ಅವರ ಹೆಸರಿನಲ್ಲಿತ್ತು. ಮೀಸಲಲ್ಲದ ವರ್ಗ, ದಿನಾಂಕ ಬಂದಿಲ್ಲ, ಇನ್ನೂ ಹಲವು ವರ್ಷ ಎಂದು ಅವರೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಹಣದ ಕಾಗದಗಳ ಜೊತೆ ಇಡಲೆಂದು ಎಲ್ಲರ ಪಾಸ್‌ಪೋರ್ಟ್ ಪ್ರತಿ ತೆಗೆಯುತ್ತಿದ್ದೆ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ 'ಮಸ್ಕತ್' ಎಂದಿತ್ತು. ಅವರ ತಂದೆ ಅಲ್ಲಿ ಕೆಲಸಕ್ಕಿದ್ದರಂತೆ. ಎರಡು ವರ್ಷದ ಮಗುವಾಗಿದ್ದಾಗ ಊರಿಗೆ ಬಂದವರು, ಶಾಲೆ ಕಾಲೇಜು ಎಲ್ಲ ಇಲ್ಲೇ, ಒಮನ್ ನೆನಪೂ ಇಲ್ಲ. "ಅದರಿಂದ ಏನಾಗುತ್ತದೆ?" ಎಂದು ಆಕೆ ಕೇಳಿದರು. ಅವರ ವಕೀಲರಿಗೆ ಆ ಪುಟದ ಪ್ರತಿಯನ್ನು ಅಂದೇ ಕಳುಹಿಸಿದೆವು.

ಆಗುವುದು ಇದು. ದೇಶವಾರು ಮಿತಿ ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶದಿಂದ, ಪೌರತ್ವದಿಂದಲ್ಲ. ಗಂಡ ಹೆಂಡಿರಲ್ಲಿ ಒಬ್ಬರು ಸಾಲಿಲ್ಲದ ದೇಶದಲ್ಲಿ ಹುಟ್ಟಿದ್ದರೆ ಇಡೀ ಕುಟುಂಬ ಆ ದೇಶದ ಲೆಕ್ಕಕ್ಕೆ ಸೇರಬಹುದು. ಮೀಸಲಲ್ಲದ ವರ್ಗದಲ್ಲೂ ಚೀನಾ ಮತ್ತು ಭಾರತವನ್ನು ಬಿಟ್ಟು ಉಳಿದ ದೇಶಗಳವರಿಗೆ 'ಸಿ' ಇದ್ದ ಕಾಲದಲ್ಲಿ, ಮಸ್ಕತ್ ಎಂಬ ಒಂದು ಪದ ವರ್ಷಗಳ ಕಾಯುವಿಕೆಯನ್ನು ಅಳಿಸಿಹಾಕಿತು. ದುಬೈ, ಕುವೈತ್, ಬಹರೇನ್, ದೋಹಾ, ನೈರೋಬಿ, ಲಂಡನ್, ಎಲ್ಲಿ ಹುಟ್ಟಿದ್ದರೂ ಇದೇ ನಿಯಮ. ಕರಾವಳಿಯಲ್ಲಿ ಇಂಥವರು ಪ್ರತಿ ಬೀದಿಗೊಬ್ಬರು ಸಿಗುತ್ತಾರೆ. ಆ ದೇಶದ ಮೂಲ ಜನನ ಪ್ರಮಾಣಪತ್ರವನ್ನು ಈಗಲೇ ತರಿಸಿಡಿ. ಒಂದು ಎಚ್ಚರಿಕೆ: ಮಕ್ಕಳು ತಂದೆ ಅಥವಾ ತಾಯಿಯ ದೇಶದ ಲೆಕ್ಕಕ್ಕೆ ಸೇರಬಹುದು, ಆದರೆ ತಂದೆ ತಾಯಿ ಮಗುವಿನ ಹುಟ್ಟಿದ ದೇಶವನ್ನು ಹಿಡಿದು ಸಾಲು ದಾಟುವಂತಿಲ್ಲ. ಸಿಂಗಪುರದಲ್ಲಿ ಹುಟ್ಟಿದ ಮಗ ನಿಮ್ಮ ದಿನಾಂಕವನ್ನು ಬದಲಿಸಲಾರ.

ಹಂತ 5: ಮಗುವಿನ ವಯಸ್ಸಿನ ಲೆಕ್ಕ ಮಾಡಿ

ಈ ಯೋಜನೆಗೆ ಹಣ ಹಾಕಿದವರಲ್ಲಿ ಹೆಚ್ಚಿನವರು ಮಕ್ಕಳಿಗಾಗಿ ಹಾಕಿದವರು. ಮಗುವಿಗೆ 21 ತುಂಬಿದರೆ, ಅಥವಾ ಅದಕ್ಕೆ ಮೊದಲೇ ಮದುವೆಯಾದರೆ, ತಂದೆ ತಾಯಿಯ ಅರ್ಜಿಯ ಜೊತೆಗಿನ ಹಕ್ಕು ಹೋಗುತ್ತದೆ. ಮಕ್ಕಳ ರಕ್ಷಣೆಗೆಂದು ಅಮೆರಿಕದಲ್ಲಿ ಒಂದು ಕಾನೂನಿದೆ. ಅದನ್ನು ಸಿಎಸ್‌ಪಿಎ ಎನ್ನುತ್ತಾರೆ. ಅದರ ಸೂತ್ರ: ವೀಸಾ ಲಭ್ಯವಾದ ದಿನದ ವಯಸ್ಸಿನಿಂದ ಹೂಡಿಕೆ ಅರ್ಜಿ ಬಾಕಿ ಇದ್ದ ದಿನಗಳನ್ನು ಕಳೆಯಬೇಕು. ಉತ್ತರ 21ಕ್ಕಿಂತ ಕಡಿಮೆ ಬಂದರೆ ಮಗು ಉಳಿಯುತ್ತದೆ. ವೀಸಾ ಲಭ್ಯವಾದ ದಿನ ಎಂದರೆ ಅರ್ಜಿ ಮಂಜೂರಾದ ದಿನ ಮತ್ತು ದಿನಾಂಕ ತೆರೆದ ತಿಂಗಳ ಮೊದಲ ದಿನ, ಈ ಎರಡರಲ್ಲಿ ತಡವಾದದ್ದು.

ಇದನ್ನೇ ನಾನು ಮನೆಯವರಿಗೆ ಬೇರೆ ರೀತಿಯಲ್ಲಿ ಹೇಳುತ್ತೇನೆ. ಅರ್ಜಿ ಸಲ್ಲಿಸಿದ ದಿನ ಮಗುವಿನ ವಯಸ್ಸು ಎಷ್ಟಿತ್ತೋ ಬರೆಯಿರಿ. ಕಡತ ಪರಿಶೀಲನೆಯಲ್ಲಿದ್ದಷ್ಟು ಕಾಲ ಆ ವಯಸ್ಸು ಅಲ್ಲೇ ನಿಂತಿರುತ್ತದೆ. ಮಂಜೂರಾದ ಮರುದಿನದಿಂದ ಮತ್ತೆ ಓಡತೊಡಗುತ್ತದೆ, ವೀಸಾ ಸಂಖ್ಯೆ ಲಭ್ಯವಾಗುವವರೆಗೆ ಓಡುತ್ತದೆ. ಹಾಗಾಗಿ ಕಡತದ ಸಾಲು ಮಗುವಿಗೆ ಹಾನಿ ಮಾಡುವುದಿಲ್ಲ. ವೀಸಾ ಸಂಖ್ಯೆಯ ಸಾಲು ಮಾಡುತ್ತದೆ.

ಲೆಕ್ಕಕ್ಕಾಗಿ ಒಂದು ಕುಟುಂಬವನ್ನು ಊಹಿಸೋಣ. ಬುಲೆಟಿನ್ ದಿನಾಂಕಗಳು ಮಾತ್ರ ನಿಜವಾದವು. ಅರ್ಜಿ ಸಲ್ಲಿಸಿದ್ದು 2020ರ ಡಿಸೆಂಬರ್ 10. ಮಂಜೂರಾದದ್ದು 2024ರ ಜೂನ್ 10. ಬಾಕಿ ಇದ್ದದ್ದು ಮೂರೂವರೆ ವರ್ಷ. ಆಗ ಭಾರತದ ದಿನಾಂಕ 2020ರ ಡಿಸೆಂಬರ್ 1, ಒಂಬತ್ತು ದಿನದಿಂದ ತಪ್ಪಿತು. 2024ರ ಅಕ್ಟೋಬರ್ 1ಕ್ಕೆ ವೀಸಾ ಲಭ್ಯವಾಯಿತು. ಮಗಳು ಹುಟ್ಟಿದ್ದು 2000ದ ಮಾರ್ಚ್ 5. ಅಕ್ಟೋಬರ್ 1ಕ್ಕೆ ಆಕೆಗೆ 24 ವರ್ಷ 6 ತಿಂಗಳು 26 ದಿನ. ಮೂರೂವರೆ ವರ್ಷ ಕಳೆದರೆ 21 ವರ್ಷ 26 ದಿನ. ಆಕೆ ಹೊರಗೆ. ತಮ್ಮ ಹುಟ್ಟಿದ್ದು 2003ರ ಜೂನ್ 5. ಅವನ ಲೆಕ್ಕ 17 ವರ್ಷ 10 ತಿಂಗಳಿಗಿಂತ ಕಡಿಮೆ. ಅವನು ಒಳಗೆ.

ಈಗ ಅದೇ ಅರ್ಜಿ ಒಂದು ತಿಂಗಳು ತಡವಾಗಿ, ಜುಲೈ 10ಕ್ಕೆ ಮಂಜೂರಾಗಿದ್ದರೆ? ಮಗಳ ವಯಸ್ಸು 20 ವರ್ಷ 11 ತಿಂಗಳು 26 ದಿನ ಎಂದಾಗುತ್ತಿತ್ತು, ಆಕೆಯೂ ಒಳಗಿರುತ್ತಿದ್ದಳು. ಕಡತ ಬೇಗ ವಿಲೇವಾರಿಯಾಗಲಿ ಎಂದು ದಾವೆ ಹೂಡಲು ಹೊರಟವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ವೀಸಾ ಸಂಖ್ಯೆ ಮುಚ್ಚಿರುವಾಗ ಮಂಜೂರಾತಿಗೆ ಅವಸರಿಸುವುದು ಮಗುವಿಗೆ ಮುಳುವಾಗಬಹುದು. ವೀಸಾ ಸಂಖ್ಯೆ ತೆರೆದಿರುವಾಗ ಅವಸರಿಸುವುದು ಸರಿ. ದಾವೆಯ ಶುಲ್ಕ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಈ ಕಳೆಯುವ ಲೆಕ್ಕವನ್ನು ವಕೀಲರಿಂದ ಬರೆಸಿಕೊಳ್ಳಿ.

ತಮ್ಮನ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ವಯಸ್ಸಿನ ರಕ್ಷಣೆ ಉಳಿಯಬೇಕಾದರೆ ವೀಸಾ ಲಭ್ಯವಾದ ಒಂದು ವರ್ಷದೊಳಗೆ ಕೊನೆಯ ಹಂತದ ಹೆಜ್ಜೆ ಇಡಬೇಕು: ಅಮೆರಿಕದಲ್ಲಿದ್ದರೆ ಐ-485 ಎಂಬ ಗ್ರೀನ್ ಕಾರ್ಡ್ ಅರ್ಜಿಯ ಸಲ್ಲಿಕೆ, ಭಾರತದಲ್ಲಿದ್ದರೆ ಡಿಎಸ್-260 ಎಂಬ ವಲಸೆ ವೀಸಾ ಅರ್ಜಿಯ ಸಲ್ಲಿಕೆ. ಕಾಗದದ ಮೇಲೆ ಒಂದು ವರ್ಷ. ಆದರೆ ದಿನಾಂಕ 2025ರ ಏಪ್ರಿಲ್‌ನಲ್ಲೇ ಹಿಂದೆ ಸರಿದದ್ದರಿಂದ ಕೈಯಲ್ಲಿದ್ದದ್ದು ಆರೇ ತಿಂಗಳು. ಆ ಆರು ತಿಂಗಳಲ್ಲಿ ಸಲ್ಲಿಸಿದವರ ಮಕ್ಕಳ ವಯಸ್ಸು ಅಲ್ಲಿಗೇ ನಿಂತಿತು. ಸಲ್ಲಿಸದವರಿಗೆ ಮುಂದೆ ಮತ್ತೆ ದಿನಾಂಕ ತೆರೆದಾಗ ಲೆಕ್ಕ ಹೊಸದಾಗಿ ಆರಂಭ, ಆಗಿನ ವಯಸ್ಸಿನಿಂದ.

ಇನ್ನೊಂದು ಬದಲಾವಣೆ ಗಮನಿಸಿ. 2023ರ ಫೆಬ್ರುವರಿಯಿಂದ ಯುಎಸ್‌ಸಿಐಎಸ್ ಈ ಲೆಕ್ಕಕ್ಕೆ ಅರ್ಜಿ ಸಲ್ಲಿಕೆಯ ಪಟ್ಟಿಯನ್ನೂ ಒಪ್ಪುತ್ತಿತ್ತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಮತ್ತೆ ಅಂತಿಮ ಕ್ರಮದ ಪಟ್ಟಿಯನ್ನೇ ಆಧಾರ ಮಾಡಿಕೊಂಡಿದೆ. ಹಳೆಯ ವೀಡಿಯೊ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ.

ಮಗು 21 ದಾಟುವುದು ಖಚಿತವೆಂದು ಕಂಡರೆ ಅದನ್ನು ಮಗುವಿನೊಂದಿಗೆ ಬಿಚ್ಚಿ ಮಾತನಾಡಿ. ಸ್ವಂತ ವಿದ್ಯಾರ್ಥಿ ವೀಸಾ, ಓದಿನ ನಂತರ ಸ್ವಂತ ಎಚ್-1ಬಿ, ಅಥವಾ ಮಗುವಿನ ಹೆಸರಿನಲ್ಲೇ ಮೀಸಲು ವರ್ಗದ ಹೊಸ ಹೂಡಿಕೆ, ಇವು ಇರುವ ದಾರಿಗಳು. ಮಗುವಿನ ಹೆಸರಿನಲ್ಲಿ ಹೂಡುವುದಾದರೆ ಹಣವನ್ನು ದಾನವಾಗಿ ಕೊಟ್ಟದ್ದಕ್ಕೆ ದಾಖಲೆ ಬೇಕು, ಮತ್ತು ದಾನ ಕೊಟ್ಟವರ ಹಣದ ಮೂಲವನ್ನೂ ತೋರಿಸಬೇಕು.

ಹಂತ 6: ನಿಮ್ಮ ಕಡತ ಯಾವ ಹಂತದಲ್ಲಿದೆಯೋ ಅದಕ್ಕೆ ತಕ್ಕ ಕೆಲಸ

ಹೂಡಿಕೆ ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದರೆ, ಸಾಲಿನ ಬಿಸಿ ಇಲ್ಲಿಯೂ ತಟ್ಟುತ್ತದೆ. 2020ರ ಮಾರ್ಚ್ 31ರಿಂದ ಯುಎಸ್‌ಸಿಐಎಸ್ ಹಳೆಯ ಐ-526 ಅರ್ಜಿಗಳಲ್ಲಿ ವೀಸಾ ಲಭ್ಯವಿರುವ ಅಥವಾ ಬೇಗ ಲಭ್ಯವಾಗುವ ದೇಶಗಳವರನ್ನು ಮೊದಲು ಕೈಗೆತ್ತಿಕೊಳ್ಳುತ್ತಿದೆ. ಹೊಸ ಕಾಯ್ದೆಯಡಿ ಗ್ರಾಮೀಣ ಯೋಜನೆಗಳಿಗೆ ಪರಿಶೀಲನೆಯಲ್ಲಿ ಆದ್ಯತೆ ಇದೆ. ಬೇರೆ ದೇಶದ ಲೆಕ್ಕಕ್ಕೆ ಸೇರುವ ಹಕ್ಕು ನಿಮಗಿದ್ದರೆ ಅದನ್ನು ಸಂಸ್ಥೆಯ ಗಮನಕ್ಕೆ ತರಲು ವಕೀಲರಿಗೆ ಹೇಳಿ.

ನೀವು ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲೇ ಇದ್ದು, ನಿಮ್ಮ ವರ್ಗದಲ್ಲಿ ವೀಸಾ ಲಭ್ಯವಿದ್ದರೆ, ಹೂಡಿಕೆ ಅರ್ಜಿಯ ಮಂಜೂರಾತಿಗೆ ಕಾಯದೆ ಐ-485ನ್ನು ಜೊತೆಯಲ್ಲೇ ಸಲ್ಲಿಸಬಹುದು. 2022ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು. ಸಲ್ಲಿಸಿದ ಮೇಲೆ ದಿನಾಂಕ ಹಿಂದೆ ಸರಿದರೂ ಅರ್ಜಿ ತಿರಸ್ಕಾರವಾಗುವುದಿಲ್ಲ. ಇದ್ದಲ್ಲೇ ನಿಲ್ಲುತ್ತದೆ. ಕೆಲಸದ ಪರವಾನಗಿ ಮತ್ತು ಪ್ರಯಾಣದ ಪರವಾನಗಿ ನವೀಕರಿಸುತ್ತಾ ಅಲ್ಲಿಯೇ ಇರಬಹುದು. ಗ್ರೀನ್ ಕಾರ್ಡ್ ಮಾತ್ರ ದಿನಾಂಕ ಮರಳುವವರೆಗೆ ಸಿಗುವುದಿಲ್ಲ.

ಈ ನವೀಕರಣದಲ್ಲಿ ಎಚ್ಚರ ತಪ್ಪಬೇಡಿ. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಕೆಲಸದ ಪರವಾನಗಿಯ ನವೀಕರಣಗಳಿಗೆ ಮೊದಲಿನಂತೆ ತಾನಾಗಿಯೇ ಸಿಗುತ್ತಿದ್ದ ವಿಸ್ತರಣೆ ನಿಂತಿದೆ. ಪರವಾನಗಿಯ ಗರಿಷ್ಠ ಅವಧಿಯನ್ನೂ 2025ರ ಡಿಸೆಂಬರ್‌ನಲ್ಲಿ ಐದು ವರ್ಷದಿಂದ 18 ತಿಂಗಳಿಗೆ ಇಳಿಸಲಾಯಿತು. ಅವಧಿ ಮುಗಿಯುವ 180 ದಿನ ಮೊದಲೇ ನವೀಕರಣಕ್ಕೆ ಹಾಕಲು ಅವಕಾಶವಿದೆ. ಆ ದಿನವನ್ನೇ ಗುರುತು ಮಾಡಿಕೊಳ್ಳಿ. ಎಚ್-1ಬಿ ಕೈಯಲ್ಲಿದ್ದರೆ, ಐ-485 ಹಾಕಿದೆವೆಂದು ಅದನ್ನು ಬಿಟ್ಟುಕೊಡಬೇಡಿ. ಎಚ್ ಮತ್ತು ಎಲ್ ವೀಸಾದವರು ಅದರ ಮೇಲೆಯೇ ಊರಿಗೆ ಬಂದು ಹೋಗಬಹುದು. ಉಳಿದವರು ಪ್ರಯಾಣದ ಪರವಾನಗಿ ಕೈಗೆ ಬರುವ ಮುನ್ನ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಅಮ್ಮನಿಗೆ ಹುಷಾರಿಲ್ಲ ಎಂಬ ಫೋನ್ ಬಂದ ರಾತ್ರಿ ಈ ನಿಯಮ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಮೊದಲೇ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಎಚ್-1ಬಿಯ ಆರು ವರ್ಷದ ಮಿತಿಯನ್ನು ದಾಟಲು ಉದ್ಯೋಗಾಧಾರಿತ ಇಬಿ-2, ಇಬಿ-3 ವರ್ಗದ ಅರ್ಜಿಗಳು ನೆರವಾಗುವಂತೆ ಐ-526ಇ ನೆರವಾಗುವುದಿಲ್ಲ ಎಂಬುದೂ ಗೊತ್ತಿರಲಿ. ಉದ್ಯೋಗದಾತರ ಮೂಲಕ ಹಾಕಿದ ಹಳೆಯ ಅರ್ಜಿ ಇದ್ದರೆ ಅದನ್ನು ಜೀವಂತವಾಗಿಡಿ.

ಭಾರತದಿಂದ ಅರ್ಜಿ ಹಾಕಿದವರ ಕಡತ ಮಂಜೂರಾತಿಯ ನಂತರ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ, ಅಲ್ಲಿಂದ ಸಂದರ್ಶನಕ್ಕಾಗಿ ಮುಂಬೈಯ ಅಮೆರಿಕ ಕಾನ್ಸುಲೇಟ್‌ಗೆ ಹೋಗುತ್ತದೆ. ವೀಸಾ ಕೇಂದ್ರದಿಂದ ಪತ್ರ ಬಂದ ಮೇಲೆ ಒಂದು ವರ್ಷ ಯಾವ ಪ್ರತಿಕ್ರಿಯೆಯೂ ಇಲ್ಲದಿದ್ದರೆ ಅರ್ಜಿ ರದ್ದಾಗುವ ಅಪಾಯವಿದೆ. ವರ್ಷಕ್ಕೊಮ್ಮೆಯಾದರೂ ಖಾತೆಗೆ ಪ್ರವೇಶಿಸಿ ಸಂಪರ್ಕ ಇಟ್ಟುಕೊಳ್ಳಿ. ಹದಿನಾರು ವರ್ಷ ತುಂಬಿದ ಮೇಲೆ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಇದ್ದವರು ಅಲ್ಲಿನ ಪೊಲೀಸ್ ಪ್ರಮಾಣಪತ್ರ ತರಬೇಕು. ಕೊಲ್ಲಿ ದೇಶದಲ್ಲಿ ದುಡಿದು ಬಂದವರು ಇದಕ್ಕೆ ಸಮಯ ಇಟ್ಟುಕೊಳ್ಳಿ.

ಹಂತ 7: ಹಣ ಎಲ್ಲಿದೆ ಎಂದು ಪ್ರತಿ ವರ್ಷ ಕೇಳಿ

ವೀಸಾ ಸಾಲು ಉದ್ದವಾದಾಗ ಹಣದ ಕಥೆಯೂ ಉದ್ದವಾಗುತ್ತದೆ. ಕಾಯ್ದೆಗೆ ಮೊದಲಿನ ಹೂಡಿಕೆದಾರರ ಹಣ ಮೊದಲು ಸಿಗುವ ಷರತ್ತುಬದ್ಧ ಗ್ರೀನ್ ಕಾರ್ಡಿನ ಎರಡು ವರ್ಷ ಮುಗಿಯುವವರೆಗೂ ನಷ್ಟದ ಸಾಧ್ಯತೆಗೆ ತೆರೆದ ಹೂಡಿಕೆಯಾಗಿಯೇ ಇರಬೇಕು. ಕಾರ್ಡೇ ಬಾರದಿದ್ದರೆ ಆ ಎರಡು ವರ್ಷದ ಎಣಿಕೆ ಶುರುವಾಗುವುದೇ ಇಲ್ಲ. ಈ ನಡುವೆ ಮೊದಲ ಯೋಜನೆ ಮುಗಿದು ಅದಕ್ಕೆ ಕೊಟ್ಟ ಸಾಲ ಮರುಪಾವತಿಯಾದರೆ ಹೂಡಿಕೆದಾರರ ಹಣ ನೋಡಿಕೊಳ್ಳುವ ನಿಧಿಯವರು ಅದನ್ನು ಬೇರೆ ಯೋಜನೆಗೆ ಮರುಹೂಡಿಕೆ ಮಾಡುತ್ತಾರೆ. ಎಲ್ಲಿಗೆ, ಯಾವ ಷರತ್ತಿನ ಮೇಲೆ, ನಿಮ್ಮ ಒಪ್ಪಿಗೆ ಬೇಕೇ ಬೇಡವೇ ಎಂಬುದು ನೀವು ಸಹಿ ಹಾಕಿದ ಒಪ್ಪಂದದಲ್ಲಿದೆ. ಆ ಪುಟವನ್ನು ಈಗ ಓದಿ. ಮೊದಲ ಕಟ್ಟಡವನ್ನು ಅಳೆದು ತೂಗಿ ಆರಿಸಿದವರು, ಎರಡನೆಯ ಕಡೆಗೆ ಹಣ ಹೋದದ್ದನ್ನು ಒಂದು ಇಮೇಲ್‌ನಿಂದ ತಿಳಿದ ಉದಾಹರಣೆ ನನ್ನ ಮುಂದಿದೆ.

ಕಾಯ್ದೆಯ ನಂತರದವರಿಗೆ ಹಣ ಕನಿಷ್ಠ ಎರಡು ವರ್ಷ ಹೂಡಿಕೆಯಲ್ಲಿ ಇರಬೇಕು. ಉದ್ಯೋಗ ಸೃಷ್ಟಿಸುವ ಸಂಸ್ಥೆಗೆ ಹಣ ದೊರೆತ ಸಮಯದಿಂದ ಈ ಎಣಿಕೆ ಎಂದು ಯುಎಸ್‌ಸಿಐಎಸ್ 2023ರ ಅಕ್ಟೋಬರ್‌ನಲ್ಲಿ ವಿವರಿಸಿತು. ಸರ್ಕಾರದ ನಿಯಮ ಎರಡು ವರ್ಷ ಎಂದ ಮಾತ್ರಕ್ಕೆ ಹಣ ಎರಡು ವರ್ಷಕ್ಕೆ ಮರಳುವುದಿಲ್ಲ. ಮರಳುವುದು ಒಪ್ಪಂದದ ಅವಧಿಯ ಪ್ರಕಾರ, ಯೋಜನೆಯ ಬಳಿ ಹಣ ಇದ್ದಾಗ. ಪ್ರತಿ ವರ್ಷ ಲೆಕ್ಕಪತ್ರ, ಕೆ-1 ಎಂಬ ಅಮೆರಿಕದ ತೆರಿಗೆ ಪತ್ರ ಮತ್ತು ನಿಮ್ಮ ಹೂಡಿಕೆಯಿಂದ ಸೃಷ್ಟಿಯಾಗಬೇಕಾದ ಹತ್ತು ಉದ್ಯೋಗಗಳ ಪ್ರಗತಿಯ ವರದಿ ಕೇಳಿ ಪಡೆಯಿರಿ.

ರೀಜನಲ್ ಸೆಂಟರಿನ ಮಾನ್ಯತೆಯೇ ರದ್ದಾದರೆ ಸೂಚನೆ ಬಂದಲ್ಲಿಂದ 180 ದಿನದಲ್ಲಿ ಬೇರೆ ಸೆಂಟರ್ ಜೊತೆ ಸೇರಲು ಅಥವಾ ಹೊಸ ಹೂಡಿಕೆ ಮಾಡಲು ಪ್ರಾಮಾಣಿಕ ಹೂಡಿಕೆದಾರರಿಗೆ ಹೊಸ ಕಾಯ್ದೆ ಅವಕಾಶ ಕೊಟ್ಟಿದೆ, ಹಳೆಯ ಆದ್ಯತಾ ದಿನಾಂಕ ಉಳಿಯುತ್ತದೆ. 2021ರ ಜೂನ್ 30ರಂದು ರೀಜನಲ್ ಸೆಂಟರ್ ಕಾರ್ಯಕ್ರಮದ ಅವಧಿ ಮುಗಿದು ಸಾವಿರಾರು ಕಡತಗಳು ಎಂಟೂವರೆ ತಿಂಗಳು ಅಲುಗಾಡದೆ ನಿಂತದ್ದನ್ನು ಹಳಬರು ಮರೆತಿಲ್ಲ. ಈಗ ಕಾರ್ಯಕ್ರಮಕ್ಕೆ 2027ರ ಸೆಪ್ಟೆಂಬರ್ 30ರವರೆಗೆ ಅನುಮತಿ ಇದೆ. 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ಅರ್ಜಿಗಳನ್ನು ಕಾರ್ಯಕ್ರಮ ನಿಂತರೂ ಪರಿಶೀಲಿಸಬೇಕೆಂದು ಕಾಯ್ದೆಯಲ್ಲೇ ಬರೆದಿದೆ.

ಹಂತ 8: ಕಾಗದಗಳನ್ನು ಕಾಪಾಡಿ

ಸಾಲು ಉದ್ದವಾದಷ್ಟೂ ಪ್ರಶ್ನೆ ತಡವಾಗಿ ಬರುತ್ತದೆ. ಹಣ ಕಳುಹಿಸಿದ ಐದು ವರ್ಷದ ಮೇಲೆ, ನಿವೇಶನ ಮಾರಿದ ಹಣ ಮಾವನ ಖಾತೆಗೆ ಏಕೆ ಹೋಗಿತ್ತು ಎಂದು ಅಧಿಕಾರಿ ಕೇಳಬಹುದು. ಅಷ್ಟರಲ್ಲಿ ಬ್ಯಾಂಕ್ ವಿಲೀನವಾಗಿರುತ್ತದೆ, ಖಾತೆ ಸಂಖ್ಯೆ ಬದಲಾಗಿರುತ್ತದೆ, ಮಾವ ಇರದೆಯೂ ಇರಬಹುದು. ಹೀಗಾಗಿ ನಾನು ಪ್ರತಿ ಕುಟುಂಬಕ್ಕೂ ಒಂದು ದಪ್ಪ ಫೈಲ್ ಕಟ್ಟಿಕೊಡುತ್ತೇನೆ. ಪಹಣಿ, ಮ್ಯುಟೇಷನ್, ಖಾತಾ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ದಾನಪತ್ರ, ಆದಾಯ ತೆರಿಗೆ ವಿವರಣೆ, ಬ್ಯಾಂಕ್ ಮೊಹರಿನ ಸ್ಟೇಟ್‌ಮೆಂಟ್, ಹಣ ಹೊರದೇಶಕ್ಕೆ ಹೋದಾಗಿನ ಎ2 ಅರ್ಜಿ, ಸ್ವಿಫ್ಟ್ ಪ್ರತಿ. ಕನ್ನಡದ ದಾಖಲೆಗಳಿಗೆ ಅನುವಾದಕರು ಸಹಿ ಹಾಕಿದ ಇಂಗ್ಲಿಷ್ ಅನುವಾದವೂ ಇರಬೇಕು.

ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳುಹಿಸಬಹುದಾದದ್ದು 2.5 ಲಕ್ಷ ಡಾಲರ್. ಆದ್ದರಿಂದ 8 ಲಕ್ಷ ಡಾಲರ್ ಎಂದರೆ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರ ಖಾತೆಗಳಿಂದ, ಮಾರ್ಚ್‌ನಲ್ಲೊಮ್ಮೆ ಏಪ್ರಿಲ್‌ನಲ್ಲೊಮ್ಮೆ ಹೋದ ಹಣ. ಇಂಥ ಪ್ರತಿ ಕಂತಿಗೂ ಪ್ರತ್ಯೇಕ ಜಾಡು ಬೇಕು. ಬ್ಯಾಂಕ್ ಹಿಡಿದುಕೊಂಡ ಟಿಸಿಎಸ್ ತೆರಿಗೆಯ ಪ್ರಮಾಣಪತ್ರವನ್ನೂ ಅದರ ಜೊತೆಗೇ ಇಡಿ. ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಬೇಕಾಗುವ ಪತ್ರವೇ ಹಣದ ಜಾಡಿಗೂ ಸಾಕ್ಷಿ.

ಹೆಸರಿನ ಕಾಗುಣಿತವನ್ನೂ ಈಗಲೇ ಸರಿ ಮಾಡಿಸಿ. ಜನನ ಪ್ರಮಾಣಪತ್ರದಲ್ಲಿ ಬರೀ 'ಹೆಣ್ಣು ಮಗು' ಎಂದಿರುವ, ಹೆಸರು ಸೇರಿಸದ ದಾಖಲೆಗಳನ್ನು ನಾನು ಪದೇ ಪದೇ ನೋಡುತ್ತೇನೆ. ಸಂದರ್ಶನದ ಪತ್ರ ಬಂದ ವಾರ ಪುರಸಭೆಯ ಕಚೇರಿಗೆ ಓಡುವ ಬದಲು ಕಾಯುವ ಈ ವರ್ಷಗಳಲ್ಲಿ ಆ ಕೆಲಸ ಮುಗಿಸಬಹುದು.

ಹಂತ 9: ತಿಂಗಳಿಗೊಮ್ಮೆ ಕಾಲು ಗಂಟೆ

ಹೊಸ ಬುಲೆಟಿನ್ ಬಂದಾಗ ನಾಲ್ಕು ಸಂಗತಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಿಂಗಳು, ನಿಮ್ಮ ವರ್ಗದ ಎರಡೂ ಪಟ್ಟಿಯ ದಿನಾಂಕ, ಯುಎಸ್‌ಸಿಐಎಸ್ ಒಪ್ಪಿದ ಪಟ್ಟಿ ಯಾವುದು, ಅಂದಿಗೆ ಮಗುವಿನ ಲೆಕ್ಕದ ವಯಸ್ಸು. ಮಸ್ಕತ್‌ನಲ್ಲಿ ಹುಟ್ಟಿದ ಆ ತಾಯಿ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದರು. ನಿಮ್ಮ ದಿನಾಂಕ ಆರು ತಿಂಗಳ ಅಂತರಕ್ಕೆ ಬಂತೆಂದರೆ ಡಿಎಸ್-260 ಅಥವಾ ಐ-485ರ ಕರಡು ತುಂಬಿಸಿಡಿ, ಪಾಸ್‌ಪೋರ್ಟ್‌ಗಳ ಅವಧಿ ನೋಡಿ, ಫೋಟೊ ತೆಗೆಸಿ, ಶುಲ್ಕದ ಹಣ ಪ್ರತ್ಯೇಕವಾಗಿಡಿ. ಐ-485ರ ಜೊತೆಗೆ ಲಗತ್ತಿಸಬೇಕಾದ ವೈದ್ಯಕೀಯ ತಪಾಸಣೆಗೆ ವೈದ್ಯರ ಸಮಯ ಕೇಳಿಡಿ. ದಿನಾಂಕ ತೆರೆದ ತಿಂಗಳ ಮೊದಲ ಕೆಲಸದ ದಿನವೇ ನಿಮ್ಮ ಲಕೋಟೆ ಅಂಚೆಗೆ ಸೇರಬೇಕು.